ಮಾರಿದ ಬೈಕು, ಮನೆಗೆ ಬಂದ ನೋಟಿಸು

ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ನನ್ನ ಹತ್ತಿರ 2012ರಲ್ಲಿ ಕೊಂಡ 100 ಸಿಸಿ ಬೈಕು ಇತ್ತು. ಮಂಡಿನೋವು ಶುರುವಾದ ಮೇಲೆ ಎರಡು ವರ್ಷ ಕೊಟ್ಟಿಗೆಯಲ್ಲೇ ನಿಂತಿತ್ತು. ಓಡಿಸದ ಗಾಡಿಗೆ ಯಾಕೆ ಎಂದು ಇನ್ಶೂರೆನ್ಸ್ ಕಟ್ಟಿರಲಿಲ್ಲ. 2023ರ ಯುಗಾದಿ ಮುಗಿದ ವಾರದಲ್ಲಿ ಪಕ್ಕದೂರಿನ ಒಬ್ಬ ಹುಡುಗ, ಅಡಿಕೆ ಕೇಣಿ ಹಿಡಿಯುವವರ ಬಳಿ ಕೆಲಸಕ್ಕಿದ್ದವನು, ಬಂದು 18,000 ರೂಪಾಯಿಗೆ ತೆಗೆದುಕೊಂಡ. ಛಾಪಾ ಕಾಗದದ ಮೇಲೆ ಬರೆಸಿಕೊಂಡೆ, ಇಬ್ಬರು ಸಾಕ್ಷಿಗಳ ಸಹಿ ಇದೆ. ‘ಇಂದಿನಿಂದ ಈ ವಾಹನದ ಸಕಲ ಜವಾಬ್ದಾರಿ ನನ್ನದೇ’ ಎಂದು ಅವನೇ ಬರೆದಿದ್ದಾನೆ. ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಆರ್‌ಸಿ ಕೊಟ್ಟೆ. ‘ಸೋಮವಾರವೇ ಟ್ರಾನ್ಸ್‌ಫರ್ ಮಾಡಿಸ್ತೀನಿ ಮೇಷ್ಟ್ರೇ’ ಎಂದು ಹೋದವನು ಮಾಡಿಸಲೇ ಇಲ್ಲ.

2024ರ ಡಿಸೆಂಬರಿನಲ್ಲಿ ಒಂದು ರಾತ್ರಿ ಅದೇ ಬೈಕಿನಲ್ಲಿ ಬರುವಾಗ, ಅಡಿಕೆ ಸುಲಿದು ಮನೆಗೆ ನಡೆದು ಹೋಗುತ್ತಿದ್ದ 38 ವರ್ಷದ ಒಬ್ಬರಿಗೆ ಗುದ್ದಿದ್ದಾನೆ. ನಾಲ್ಕನೇ ದಿನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇದ್ದಾರೆ. ಆಗ ಠಾಣೆಯಿಂದ ಫೋನ್ ಬಂದಿತ್ತು, ಮಾರಿದ್ದೇನೆ ಎಂದು ಹೇಳಿದ್ದೆ. ಮುಗಿಯಿತು ಅಂದುಕೊಂಡಿದ್ದೆ. ಈಗ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ನೋಟಿಸು ಬಂದಿದೆ. ಸವಾರ 1ನೇ ಎದುರುದಾರ, ನಾನು 2ನೇ ಎದುರುದಾರ. 40 ಲಕ್ಷ ಕೇಳಿದ್ದಾರೆ. ಆ ಹುಡುಗ ಫೋನ್ ಎತ್ತುತ್ತಿಲ್ಲ. ಊರಲ್ಲಿ ಕೆಲವರು ‘ನೋಟಿಸು ತಗೋಬೇಡಿ, ವಾಪಸ್ ಕಳಿಸಿ’ ಅನ್ನುತ್ತಾರೆ. ಮಾರಿ ಒಂದೂಮುಕ್ಕಾಲು ವರ್ಷವಾದ ಗಾಡಿಗೆ ನಾನೇಕೆ ಹಣ ಕಟ್ಟಬೇಕು? ನನ್ನ ಪಿಂಚಣಿಗೆ ಕೈ ಹಾಕುತ್ತಾರೆಯೆ?
– ಹೆಸರು ಬೇಡ, ಚನ್ನಗಿರಿ ತಾಲೂಕು

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸುತ್ತಿ ಬಳಸಿ ಹೇಳಿದರೆ ನಿಮ್ಮ ದಿನಗಳು ವ್ಯರ್ಥವಾಗುತ್ತವೆ, ಹಾಗಾಗಿ ಕಹಿಯಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅಪಘಾತದ ದಿನ ಆರ್‌ಟಿಒ ದಾಖಲೆಯಲ್ಲಿ ಆ ಬೈಕು ನಿಮ್ಮ ಹೆಸರಿನಲ್ಲೇ ಇತ್ತು. ಹಾಗಿರುವಾಗ, ಸತ್ತವರ ಹೆಂಡತಿ ಮಕ್ಕಳ ಎದುರಿಗೆ ಅದರ ಮಾಲೀಕರು ನೀವೇ. ಅದಕ್ಕೆ ಇನ್ಶೂರೆನ್ಸ್ ಇರಲಿಲ್ಲ ಎಂದಾದರೆ, ನ್ಯಾಯಮಂಡಳಿ ಗೊತ್ತುಮಾಡುವ ಪರಿಹಾರವನ್ನು ಕೊಡುವ ಹೊಣೆ ಸವಾರನ ಮೇಲೂ ನಿಮ್ಮ ಮೇಲೂ ಒಟ್ಟಿಗೆ ಬೀಳುತ್ತದೆ. ‘ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ’ ಎಂದು ತೀರ್ಪಿನಲ್ಲಿ ಬರೆಯುತ್ತಾರೆ. ಅದರ ಅರ್ಥ, ಅರ್ಧ ಅವನು ಅರ್ಧ ನೀವು ಎಂದಲ್ಲ. ಯಾರ ಹತ್ತಿರ ಹಣ ಇದೆಯೋ ಅವರಿಂದ ಪೂರ್ತಿ ವಸೂಲು ಮಾಡಿಕೊಳ್ಳುವ ಹಕ್ಕು ಆ ಹೆಣ್ಣುಮಗಳಿಗೆ ಇದೆ.

ಯಾಕೆ ಹೀಗೆ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದು. 1988ರ ಮೋಟಾರು ವಾಹನ ಕಾಯ್ದೆಯ 2ನೇ ಕಲಮಿನ 30ನೇ ಖಂಡ, ವಾಹನ ಯಾರ ಹೆಸರಿನಲ್ಲಿ ನೋಂದಣಿ ಆಗಿದೆಯೋ ಅವರೇ ‘ಮಾಲೀಕ’ ಎನ್ನುತ್ತದೆ. ಸಾಲದ ಮೇಲೆ ಕೊಂಡ ಗಾಡಿ, ಅಪ್ರಾಪ್ತರ ಹೆಸರಿನ ಗಾಡಿಗೆ ಮಾತ್ರ ಬೇರೆ ಮಾತಿದೆ. 1939ರ ಹಳೆಯ ಕಾಯ್ದೆಯಲ್ಲಿ ನೋಂದಣಿಯ ಈ ಮಾತು ಇರಲಿಲ್ಲ. ಆಗ ಯಾರ ಕೈಯಲ್ಲಿತ್ತು, ಯಾರು ದುಡ್ಡು ಕೊಟ್ಟಿದ್ದರು ಎಂದು ಹುಡುಕುತ್ತಾ ಕೇಸುಗಳು ಎಳೆದಾಡುತ್ತಿದ್ದವು. ಹೊಸ ಕಾಯ್ದೆ ಆ ಹುಡುಕಾಟಕ್ಕೆ ಕೊನೆ ಹಾಡಿತು.

ಆದರೂ ವಾದ ನಿಲ್ಲಲಿಲ್ಲ. ‘ನಾನು ಮಾರಿಬಿಟ್ಟಿದ್ದೆ’ ಎನ್ನುವವರು ಸುಪ್ರೀಂ ಕೋರ್ಟಿನವರೆಗೂ ಹೋದರು. 2018ರ ಫೆಬ್ರುವರಿ 6ರಂದು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಎಂಬ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಇತ್ಯರ್ಥ ಮಾಡಿತು. ಅಲ್ಲಿ ಒಂದು ಕಾರು 2007ರಲ್ಲಿ ಮಾರಾಟವಾಗಿ, ಒಬ್ಬರ ಕೈಯಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಹೋಗುತ್ತಾ ಹೋಗಿ 2009ರಲ್ಲಿ ಅಪಘಾತ ಮಾಡಿತ್ತು. ಆರ್‌ಸಿ ಮಾತ್ರ ಮೊದಲನೆಯವರ ಹೆಸರಿನಲ್ಲೇ ಉಳಿದಿತ್ತು. ಹೈಕೋರ್ಟು ಕೊನೆಗೆ ಕೊಂಡವರನ್ನು ಹೊಣೆ ಮಾಡಿದ್ದರೆ, ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ನೋಂದಾಯಿತ ಮಾಲೀಕರೇ ಹೊಣೆ ಎಂದಿತು. ದಾಖಲೆಯಲ್ಲೇ ಇಲ್ಲದ ಒಬ್ಬೊಬ್ಬ ಖರೀದಿದಾರನನ್ನೂ ಹುಡುಕಿಕೊಂಡು ಹೋಗುವ ಕೆಲಸವನ್ನು ಅಪಘಾತದಲ್ಲಿ ನೊಂದವರ ಹೆಗಲಿಗೆ ಹಾಕಬಾರದು ಎಂಬುದು ಆ ತೀರ್ಪಿನ ತಿರುಳು.

ಮೇಷ್ಟ್ರೇ, ಈ ತೀರ್ಪು ಸರಿ ಎಂದು ನಾನು ನಂಬುತ್ತೇನೆ, ನಿಮಗೆ ನೋವಾದರೂ. ಇಪ್ಪತ್ತೇಳು ವರ್ಷದಿಂದ ದಾವಣಗೆರೆಯಲ್ಲಿ ಎಂವಿಸಿ, ಅಂದರೆ ಮೋಟಾರು ಅಪಘಾತ ಪರಿಹಾರದ ಕೇಸುಗಳನ್ನು ನಡೆಸುತ್ತಿದ್ದೇನೆ. ಗಂಡನ ತಿಥಿ ಮುಗಿಸಿ, ಕಂಕುಳಲ್ಲಿ ಮಗು ಇಟ್ಟುಕೊಂಡು ನನ್ನ ಕಚೇರಿಗೆ ಬರುವ ಹೆಣ್ಣುಮಕ್ಕಳ ಕೈಯಲ್ಲಿ ಇರುವುದು ಎಫ್‌ಐಆರ್‌ನ ಜೆರಾಕ್ಸ್ ಒಂದೇ. ಅದರಲ್ಲಿ ಗಾಡಿಯ ನಂಬರು ಇರುತ್ತದೆ. ನಂಬರಿನಿಂದ ಸಿಕ್ಕುವುದು ನೋಂದಣಿ ವಿವರದ ನಕಲು, ಅಂದರೆ ಆರ್‌ಟಿಒದ ಬಿ ಎಕ್ಸ್‌ಟ್ರಾಕ್ಟ್. ಅದರಲ್ಲಿ ಒಂದು ಹೆಸರು. ನಿಮ್ಮ ಬೀರುವಿನಲ್ಲಿರುವ ಛಾಪಾ ಕಾಗದ ಅವಳಿಗೆ ಹೇಗೆ ಕಾಣಬೇಕು?

ನನ್ನ ಮನೆಯಲ್ಲೂ ಇದು ಆಗಿದೆ. 1996ರಲ್ಲಿ ನಾನು ಕಾನೂನು ಕಾಲೇಜಿನ ಎರಡನೇ ವರ್ಷದಲ್ಲಿದ್ದೆ. ನಮ್ಮ ಅಪ್ಪ ಗುಮಾಸ್ತರು. ಒಂದು ಹಳೇ ಮೊಪೆಡ್ಡನ್ನು ಹರಿಹರದ ಒಬ್ಬರಿಗೆ ಮಾರಿ, ಖಾಲಿ ಫಾರಂಗಳಿಗೆ ಸಹಿ ಹಾಕಿಕೊಟ್ಟಿದ್ದರು. ಅದು ಒಂಬತ್ತು ವರ್ಷದ ಹುಡುಗಿಗೆ ಗುದ್ದಿ ಎಡಗಾಲು ಮುರಿಯಿತು. ಇನ್ಶೂರೆನ್ಸ್ ಇರಲಿಲ್ಲ. ಕೊಂಡವರು ಊರು ಬಿಟ್ಟಿದ್ದರು. 38,000 ರೂಪಾಯಿ ತೀರ್ಪಾಯಿತು. ಅಮ್ಮ ಎರಡು ಬಳೆ ಬಿಚ್ಚಿಕೊಟ್ಟರು. ಮನೆಯಲ್ಲಿ ಎಲ್ಲರೂ ಆ ಕೊಂಡವರನ್ನು ಬೈಯುತ್ತಿದ್ದೆವು, ಕೋರ್ಟನ್ನೂ ಬೈಯುತ್ತಿದ್ದೆವು. ಹಣ ಕಟ್ಟುವ ದಿನ ನಾನೂ ಅಪ್ಪನ ಜೊತೆ ಹೋಗಿದ್ದೆ. ಜಗಲಿಯಲ್ಲಿ ಆ ಹುಡುಗಿ ತನ್ನ ಅಪ್ಪನ ತೋಳು ಹಿಡಿದುಕೊಂಡು ಕಾಲೆಳೆಯುತ್ತಾ ನಡೆದು ಬಂದಳು. ಅಪ್ಪ ಅವಳನ್ನು ನೋಡಿ, ‘ನನ್ನ ಸಹಿ ಇತ್ತಲ್ಲಮ್ಮ ಆ ಗಾಡಿ ಮೇಲೆ’ ಎಂದರು. ಅವತ್ತಿನಿಂದ ಮನೆಯಲ್ಲಿ ಯಾರೂ ಬೈಯಲಿಲ್ಲ. ನಾನು ಈ ಕೇಸುಗಳನ್ನೇ ಆರಿಸಿಕೊಂಡದ್ದು ಅದರಿಂದ.

ಹಾಗಾದರೆ ನಿಮ್ಮ ಛಾಪಾ ಕಾಗದಕ್ಕೆ ಬೆಲೆಯೇ ಇಲ್ಲವೆ? ಇದೆ. ಅದು ನಿಮಗೂ ಆ ಹುಡುಗನಿಗೂ ನಡುವಿನ ಕರಾರು. ಸತ್ತವರ ಮನೆಯವರನ್ನು ಅದು ಕಟ್ಟಿಹಾಕುವುದಿಲ್ಲ, ಅವನನ್ನು ಕಟ್ಟಿಹಾಕುತ್ತದೆ. ‘ಸಕಲ ಜವಾಬ್ದಾರಿ ನನ್ನದೇ’ ಎಂದು ಅವನೇ ಬರೆದಿರುವುದು ನಿಮಗೆ ಸಿಕ್ಕಿರುವ ದೊಡ್ಡ ಆಧಾರ. ನಾಳೆ ನೀವು ಹಣ ಕಟ್ಟಬೇಕಾಗಿ ಬಂದರೆ, ಕಟ್ಟಿದ ದಿನದಿಂದ 3 ವರ್ಷದೊಳಗೆ ಅವನ ಮೇಲೆ ಸಿವಿಲ್ ದಾವೆ ಹಾಕಿ ಆ ಹಣವನ್ನು ವಸೂಲು ಮಾಡಿಕೊಳ್ಳಬಹುದು. ಕಾಗದದ ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ. ಇಬ್ಬರು ಸಾಕ್ಷಿಗಳ ಈಗಿನ ವಿಳಾಸ ಬರೆದಿಟ್ಟುಕೊಳ್ಳಿ. 18,000 ರೂಪಾಯಿ ಫೋನ್ ಪೇಯಲ್ಲೋ ಬ್ಯಾಂಕಿಗೋ ಬಂದಿದ್ದರೆ ಆ ತಿಂಗಳ ಪಾಸ್‌ಬುಕ್ ಪುಟವನ್ನೂ ತೆಗೆಸಿ.

ಈಗ ಮಾಡಬೇಕಾದ ಕೆಲಸ. ನೋಟಿಸು ವಾಪಸ್ ಕಳಿಸಿ ಎನ್ನುವವರ ಮಾತು ಕೇಳಬೇಡಿ. ತೆಗೆದುಕೊಳ್ಳಲು ನಿರಾಕರಿಸಿದರೆ ಜಾರಿ ಆಯಿತೆಂದೇ ಬರೆದುಕೊಂಡು, ನಿಮ್ಮನ್ನು ಏಕಪಕ್ಷೀಯವಾಗಿ ಇಟ್ಟು ಕೇಸು ಮುಂದುವರಿಸುತ್ತಾರೆ. ಆಮೇಲೆ ನಿಮ್ಮ ಪರವಾಗಿ ಒಂದು ಕಾಗದವೂ ಒಳಗೆ ಹೋಗುವುದಿಲ್ಲ. ಒಬ್ಬ ವಕೀಲರ ಮೂಲಕ ವಕಾಲತ್ತು ಹಾಕಿಸಿ, ತಕರಾರು ಸಲ್ಲಿಸಿ. ಅದರಲ್ಲಿ ಮಾರಾಟದ ದಿನ, ಮೊತ್ತ, ಸಾಕ್ಷಿಗಳು, ಸವಾರನೇ ಖರೀದಿದಾರ ಎಂಬುದನ್ನು ಪೂರ್ತಿ ಬರೆಸಿ. ಈಗ ಅವನು ಕೇಸಿನಲ್ಲಿರುವುದು ಬರೀ ಸವಾರನಾಗಿ. ಖರೀದಿದಾರನೂ ಅವನೇ ಎಂಬ ಮಾತು ದಾಖಲೆಗೆ ಬಂದರೆ, ಮುಂದೆ ನೀವು ಹಾಕುವ ವಸೂಲಿ ದಾವೆಗೆ ಅದು ಬುನಾದಿ. ಅವನು ಸಾಕ್ಷಿ ಕಟ್ಟೆಗೆ ಬಂದರೆ ಪಾಟೀ ಸವಾಲಿನಲ್ಲಿ ಆ ಸಹಿ ತನ್ನದೇ ಎಂದು ಅವನ ಬಾಯಿಂದ ಹೇಳಿಸಬೇಕು.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಒಂದಿದೆ. ನಿಮ್ಮ ಪತ್ರದಲ್ಲಿ ‘ನಾನು ಇನ್ಶೂರೆನ್ಸ್ ಕಟ್ಟಿರಲಿಲ್ಲ’ ಎಂದಿದ್ದೀರಿ. ಕೊಂಡ ಹುಡುಗ ಕಟ್ಟಿದ್ದನೆ ಎಂದು ನೋಡಿದ್ದೀರಾ? ಹಳ್ಳಿ ಕಡೆ ಇದು ತುಂಬಾ ನಡೆಯುತ್ತದೆ. ಪೊಲೀಸರು ಹಿಡಿದು ದಂಡ ಹಾಕುತ್ತಾರೆಂಬ ಭಯಕ್ಕೆ ಕೊಂಡವನು ಪೇಟೆಯಲ್ಲಿ ಯಾವುದೋ ಏಜೆಂಟರ ಹತ್ತಿರ ಥರ್ಡ್ ಪಾರ್ಟಿ ಪಾಲಿಸಿ, ಅಂದರೆ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟ ತುಂಬುವ ಪಾಲಿಸಿ ಮಾಡಿಸಿರುತ್ತಾನೆ. ಪಾಲಿಸಿ ಬರುವುದು ಆರ್‌ಸಿಯಲ್ಲಿರುವ ಹೆಸರಿಗೆ, ಅಂದರೆ ನಿಮ್ಮ ಹೆಸರಿಗೆ. ನಿಮಗೆ ಗೊತ್ತೇ ಇರುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಪುಷ್ಪಾ ವಿರುದ್ಧ ಶಕುಂತಲಾ ಪ್ರಕರಣದಲ್ಲಿ ಇಂಥದ್ದೇ ಸಂಗತಿಯನ್ನು ನೋಡಿತ್ತು. ಲಾರಿ ಮಾರಾಟವಾಗಿತ್ತು, ಹೆಸರು ಬದಲಾಗಿರಲಿಲ್ಲ, ಕೊಂಡವರು ಹಳೆಯ ಮಾಲೀಕರ ಹೆಸರಿನಲ್ಲೇ ಪಾಲಿಸಿ ಮಾಡಿಸಿದ್ದರು. ನೋಂದಾಯಿತ ಮಾಲೀಕರೇ ಹೊಣೆ, ಪಾಲಿಸಿ ಅವರ ಹೆಸರಿನಲ್ಲೇ ಇರುವುದರಿಂದ ವಿಮಾ ಕಂಪನಿ ಪರಿಹಾರ ಕೊಡಬೇಕು ಎಂದಿತು ನ್ಯಾಯಾಲಯ. ಆದ್ದರಿಂದ ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣದಲ್ಲಿ ಗಾಡಿ ನಂಬರು ಹಾಕಿ ಇನ್ಶೂರೆನ್ಸ್ ವಿವರ ನೋಡಿಸಿ. ಪೊಲೀಸರು ಸಲ್ಲಿಸಿದ ದೋಷಾರೋಪಣ ಪಟ್ಟಿಯ ನಕಲು ತೆಗೆಸಿ. ಇನ್ಶೂರೆನ್ಸ್ ಇಲ್ಲದೆ ಓಡಿಸಿದ ಬಗ್ಗೆ 146 ಮತ್ತು 196ನೇ ಕಲಮುಗಳನ್ನು ಅದರಲ್ಲಿ ಹಾಕಿದ್ದಾರೆಯೆ ನೋಡಿ. ಹಾಕಿರದಿದ್ದರೆ ಪಾಲಿಸಿ ಎಲ್ಲೋ ಇರುವ ಸಾಧ್ಯತೆ ಇದೆ. ಸಿಕ್ಕರೆ ಆ ಕಂಪನಿಯನ್ನು 3ನೇ ಎದುರುದಾರನಾಗಿ ಸೇರಿಸಲು ನಿಮ್ಮ ವಕೀಲರು ತಕ್ಷಣ ಅರ್ಜಿ ಹಾಕಬೇಕು. ಹೀಗೆ ಸಿಕ್ಕಿ ಉಳಿದುಕೊಂಡವರನ್ನು ನಾನು ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪಾಲಿಸಿ ಇಲ್ಲವೇ ಇಲ್ಲ ಎಂದಾದರೆ ಎಷ್ಟು ಹಣದ ಮಾತು ಇದು ಎಂಬುದು ನಿಮಗೆ ಗೊತ್ತಿರಬೇಕು. ಕೇಳಿರುವ 40 ಲಕ್ಷವೇ ತೀರ್ಪಾಗಬೇಕೆಂದಿಲ್ಲ. ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಠಿ ತೀರ್ಪುಗಳು ಲೆಕ್ಕದ ದಾರಿ ಹಾಕಿಕೊಟ್ಟಿವೆ. ಮೃತರ ಸಂಪಾದನೆ ತಿಂಗಳಿಗೆ 15,000 ಎಂದು ನ್ಯಾಯಮಂಡಳಿ ಹಿಡಿಯಿತು ಎನ್ನಿ. ವಯಸ್ಸು 40ಕ್ಕಿಂತ ಕಡಿಮೆ, ಕಾಯಂ ನೌಕರಿ ಇಲ್ಲ, ಹಾಗಾಗಿ ಮುಂದಿನ ಹೆಚ್ಚಳಕ್ಕೆಂದು ಶೇ 40 ಸೇರಿಸುತ್ತಾರೆ, 21,000 ಆಯಿತು. ಅವಲಂಬಿತರು ನಾಲ್ಕು ಜನ, ಆದ್ದರಿಂದ ಅವರ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಇದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ, 36ರಿಂದ 40ರ ವಯಸ್ಸಿಗೆ ಗುಣಕ 15. ಅಲ್ಲಿಗೆ 28,35,000 ರೂಪಾಯಿ. ಅಂತ್ಯಕ್ರಿಯೆ, ಹೆಂಡತಿ ಮಕ್ಕಳು ತಾಯಿ ಕಳೆದುಕೊಂಡ ಸಾಂಗತ್ಯ ಎಂದು ಇನ್ನಷ್ಟು ಸೇರಿ 30 ಲಕ್ಷ ದಾಟುತ್ತದೆ, ಅದರ ಮೇಲೆ ಬಡ್ಡಿ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ನಿಮ್ಮಂಥ 100 ಸಿಸಿ ಬೈಕಿನ ಥರ್ಡ್ ಪಾರ್ಟಿ ಕಂತು ವರ್ಷಕ್ಕೆ 714 ರೂಪಾಯಿ, ಜಿಎಸ್‌ಟಿ ಸೇರಿ 842 ರೂಪಾಯಿ ಚಿಲ್ಲರೆ. ಸಾವು, ಗಾಯಕ್ಕೆ ಆ ಪಾಲಿಸಿ ಕೊಡುವ ರಕ್ಷಣೆಗೆ ಮೇಲ್ಮಿತಿ ಇಲ್ಲ.

ಪಿಂಚಣಿಯ ಬಗ್ಗೆ ಕೇಳಿದ್ದೀರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಸರ್ಕಾರಿ ಪಿಂಚಣಿಯನ್ನು ಜಪ್ತಿಯಿಂದ ಹೊರಗಿಟ್ಟಿದೆ. ಅಷ್ಟರ ಮಟ್ಟಿಗೆ ನಿಶ್ಚಿಂತೆಯಿಂದಿರಿ. ಆದರೆ ತೀರ್ಪಿನ ಹಣ ಕಟ್ಟದಿದ್ದರೆ ಮೋಟಾರು ವಾಹನ ಕಾಯ್ದೆಯ 174ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿಗಳಿಗೆ ಪ್ರಮಾಣಪತ್ರ ಹೋಗಿ ಭೂಕಂದಾಯದ ಬಾಕಿಯಂತೆ ವಸೂಲಿಗೆ ಬರಬಹುದು. ನಿಮ್ಮ ಹೆಸರಿನಲ್ಲಿ ಜಮೀನೋ ಸೈಟೋ ಇದ್ದರೆ ಅದಕ್ಕೆ ತೊಂದರೆ ಬರುತ್ತದೆ. ಅದನ್ನು ಈಗ ಮಕ್ಕಳ ಹೆಸರಿಗೆ ಬರೆದುಬಿಡಿ ಎಂದು ಯಾರಾದರೂ ಹೇಳಿಯಾರು, ಮಾಡಬೇಡಿ. ಹಣ ತಪ್ಪಿಸಲೆಂದೇ ಮಾಡಿದ ವರ್ಗಾವಣೆಯನ್ನು ಕೋರ್ಟು ರದ್ದು ಮಾಡಬಲ್ಲದು, ನಿಮ್ಮ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ಅದರ ಬದಲು ಲೋಕ ಅದಾಲತ್‌ಗೆ ಹೋಗಿ. ಆ ಹುಡುಗನನ್ನೂ ಅವನ ಹಿರಿಯರನ್ನೂ ಕೂರಿಸಿಕೊಂಡು, ಅವನ ಪಾಲು ಎಷ್ಟು, ನಿಮ್ಮದು ಎಷ್ಟು, ಎಷ್ಟು ಕಂತಿನಲ್ಲಿ ಎಂದು ಮಾತಾಡಿದರೆ ಆ ಮನೆಗೂ ಬೇಗ ಹಣ ಸೇರುತ್ತದೆ. ತೀರ್ಪು ತಪ್ಪಾಗಿದೆ ಅನ್ನಿಸಿದರೆ 90 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಇದೆ. ಅದಕ್ಕೆ 25,000 ರೂಪಾಯಿ ಅಥವಾ ತೀರ್ಪಿನ ಅರ್ಧ, ಯಾವುದು ಕಡಿಮೆಯೋ ಅಷ್ಟನ್ನು ಮೊದಲು ಠೇವಣಿ ಇಡಬೇಕು.

ಠಾಣೆಯಿಂದ ಫೋನ್ ಬಂದಾಗ ಬಾಯಲ್ಲಿ ಹೇಳಿ ಬಿಟ್ಟಿರಿ. ಇನ್ನು ಓದುತ್ತಿರುವ ಬೇರೆಯವರು ಗಮನಿಸಲಿ: 133ನೇ ಕಲಮಿನಡಿ ಗಾಡಿ ಯಾರು ಓಡಿಸುತ್ತಿದ್ದರು ಎಂದು ಪೊಲೀಸರು ಮಾಲೀಕರನ್ನು ಕೇಳುತ್ತಾರೆ. ಉತ್ತರವನ್ನು ಬರಹದಲ್ಲಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು.

ಇಂಥ ನೋಟಿಸು ಇನ್ನೊಬ್ಬರ ಮನೆಗೆ ಹೋಗದಿರಲಿ ಎಂದು ಇದನ್ನೂ ಬರೆಯುತ್ತೇನೆ. ಇನ್ಶೂರೆನ್ಸ್ ಇಲ್ಲದ ಗಾಡಿಯ ಹೆಸರು ಆರ್‌ಟಿಒದಲ್ಲಿ ಬದಲಾಗುವುದಿಲ್ಲ. ಚಾಲ್ತಿ ಪಾಲಿಸಿ, ಹೊಗೆ ತಪಾಸಣೆ ಪತ್ರ ಎರಡೂ ಬೇಕು. ಪಾಲಿಸಿ ಮುಗಿದ ಗಾಡಿಯನ್ನು 18,000ಕ್ಕೆ ಕೊಂಡವನಿಗೆ ಮೊದಲು ಪಾಲಿಸಿಯ ಖರ್ಚು, ಆಮೇಲೆ ಟ್ರಾನ್ಸ್‌ಫರ್ ಖರ್ಚು, ಏಜೆಂಟರ ಕೈಗೆ ಒಂದಿಷ್ಟು. ‘ಕೊಯ್ಲು ಮುಗೀಲಿ ನೋಡೋಣ’ ಎಂದು ಮುಂದೂಡುತ್ತಾನೆ, ಕೊನೆಗೆ ಮರೆಯುತ್ತಾನೆ. ಆದ್ದರಿಂದ ಮಾರುವವರೇ ಆ 842 ರೂಪಾಯಿ ಕಟ್ಟಿ, ಪಾಲಿಸಿ ಜೀವಂತ ಇಟ್ಟು ಮಾರಬೇಕು. ಬೇಕಾದರೆ ಬೆಲೆಯಲ್ಲಿ ಸೇರಿಸಿಕೊಳ್ಳಿ. ಖಾಲಿ ಫಾರಂಗೆ ಸಹಿ ಹಾಕಿ ಕೊಡುವ ನಮ್ಮ ಕಡೆಯ ರೂಢಿಯನ್ನು ಬಿಡಬೇಕು. 50ನೇ ಕಲಮು ಮಾರಿದವರಿಗೆ 14 ದಿನ, ಕೊಂಡವರಿಗೆ 30 ದಿನ ಗಡುವು ಕೊಟ್ಟಿದೆ. ಹೊರರಾಜ್ಯಕ್ಕೆ ಹೋಗುವ ಗಾಡಿಯಾದರೆ ಮಾರಿದವರಿಗೆ 45 ದಿನ. ಮಾರಿದವರದ್ದೇ ಮೊದಲ ಕರ್ತವ್ಯ ಎಂಬುದನ್ನು ಗಮನಿಸಿ. ಇಬ್ಬರೂ ಒಟ್ಟಿಗೆ ಕೂತು ಅರ್ಜಿ ಹಾಕಿ, ಶುಲ್ಕ ಕಟ್ಟಿದ ರಸೀದಿ ಕೈಗೆ ಬಂದ ಮೇಲೆ ಕೀ ಕೊಡಿ. ಆಮೇಲೂ ಹೆಸರು ಬದಲಾಗಿದೆಯೆ ಎಂದು ಎಂ ಪರಿವಾಹನ್ ಆ್ಯಪ್‌ನಲ್ಲಿ ನೋಡಿ. ಬದಲಾಗುವ ತನಕ ಕೊನೆಯ ಐದು ಸಾವಿರವನ್ನು ಕೊಡದೆ ತಡೆದಿಟ್ಟುಕೊಳ್ಳುವ ಖರೀದಿದಾರರೂ ಇದ್ದಾರೆ, ಆದರೆ ಅದು ಕೊಳ್ಳುವವರ ಹಿತಕ್ಕೆ ಮಾತ್ರ. ಮಾರುವವರು ಕೀ ತಡೆದಿಟ್ಟುಕೊಳ್ಳುವುದೇ ಒಳ್ಳೆಯದು.

ಪ್ರಶ್ನೆ: ನನ್ನ ಕಾರನ್ನು ಹಳೇ ಕಾರಿನ ಅಂಗಡಿಯೊಂದಕ್ಕೆ ಮಾರಿ ನಾಲ್ಕು ತಿಂಗಳಾಯಿತು. ಇನ್ನೂ ನನ್ನ ಹೆಸರಿನಲ್ಲೇ ಇದೆ. ಸಿಗ್ನಲ್ ದಾಟಿದ ದಂಡದ ಸಂದೇಶ ನನ್ನ ಫೋನಿಗೆ ಬರುತ್ತಿದೆ. ‘ಗಿರಾಕಿ ಸಿಕ್ಕ ಮೇಲೆ ನೇರವಾಗಿ ಅವರ ಹೆಸರಿಗೆ ಮಾಡ್ತೀವಿ’ ಅನ್ನುತ್ತಾರೆ. ಅಪಘಾತವಾದರೆ?
– ಓದುಗ, ಹಾಸನ

ಉತ್ತರ: ಮೇಲಿನ ಪತ್ರ ಓದಿದ್ದೀರಲ್ಲ, ಅಪಾಯ ಅದೇ. ಆದರೆ ನಿಮಗೆ ಒಂದು ದಾರಿ ಹೆಚ್ಚಿಗೆ ಇದೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಡೀಲರುಗಳಿಗೆ ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯುವ ವ್ಯವಸ್ಥೆ ಮಾಡಿದ್ದಾರೆ. ಅಂಥ ಅಧಿಕೃತ ಡೀಲರಿಗೆ ಗಾಡಿ ಒಪ್ಪಿಸಿದಾಗ ಫಾರಂ 29ಸಿಯಲ್ಲಿ ಆನ್‌ಲೈನಾಗಿ ತಿಳಿಸಬೇಕು. ತಿಳಿಸಿದ ಮೇಲೆ ಗಾಡಿ ಅವರ ವಶದಲ್ಲಿರುವಷ್ಟು ಕಾಲ ಡೀಲರನ್ನೇ ಮಾಲೀಕ ಎಂದು ನಿಯಮ ಪರಿಗಣಿಸುತ್ತದೆ.

ಇವತ್ತೇ ಅಂಗಡಿಗೆ ಹೋಗಿ ಅಧಿಕಾರ ಪತ್ರ ತೋರಿಸಲು ಕೇಳಿ. ಇದ್ದರೆ 29ಸಿ ಹಾಕಿದ ಸ್ವೀಕೃತಿ ಪಡೆಯಿರಿ. ಅಧಿಕಾರ ಪತ್ರವೇ ಇಲ್ಲದಿದ್ದರೆ ಅವರು ಕಾನೂನಿನ ಕಣ್ಣಿಗೆ ಸಾಮಾನ್ಯ ಖರೀದಿದಾರರಷ್ಟೆ. ಹೆಸರು ಬದಲಿಸಿ ಅಥವಾ ಗಾಡಿ ವಾಪಸ್ ಕೊಡಿ ಎಂದು ರಿಜಿಸ್ಟರ್ಡ್ ಪತ್ರ ಬರೆಯಿರಿ, ನಕಲನ್ನು ಆರ್‌ಟಿಒಗೂ ಕಳಿಸಿ. ಸಿಗ್ನಲ್ ದಾಟಿದೆ ಎಂದರೆ ಕಾರು ಅಂಗಡಿಯಲ್ಲಿ ನಿಂತಿಲ್ಲ, ಯಾರೋ ಓಡಿಸುತ್ತಿದ್ದಾರೆ. ದಂಡದ ಆ ಸಂದೇಶಗಳನ್ನು ಅಳಿಸಬೇಡಿ, ತಾರೀಖು ಸಮೇತ ಅವೇ ನಿಮ್ಮ ಪುರಾವೆ. ಪಾಲಿಸಿ ಯಾವತ್ತು ಮುಗಿಯುತ್ತದೆ ನೋಡಿ. ಹೆಸರು ಬದಲಾಗುವ ಮೊದಲೇ ಮುಗಿಯುವುದಿದ್ದರೆ, ಮಾರಿದ ಕಾರಾದರೂ ಥರ್ಡ್ ಪಾರ್ಟಿಯನ್ನಾದರೂ ನವೀಕರಿಸಿಬಿಡಿ. ಫಾಸ್ಟ್ಯಾಗ್ ಕೂಡ ಮುಚ್ಚಿಸಿ.

ಪ್ರಶ್ನೆ: ಹತ್ತು ದಿನದ ಹಿಂದೆ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಂಡೆ. ಇನ್ಶೂರೆನ್ಸ್ ಹಳೆಯವರ ಹೆಸರಿನಲ್ಲಿ ಇನ್ನೂ ಏಳು ತಿಂಗಳು ಇದೆ. ಹೆಸರು ಬದಲಾವಣೆಗೆ ಅರ್ಜಿ ಹಾಕಿಲ್ಲ. ಅಷ್ಟರಲ್ಲಿ ಏನಾದರೂ ಆದರೆ ಆ ಪಾಲಿಸಿ ನನಗೆ ಆಗುತ್ತದೆಯೆ?
– ಗೃಹಿಣಿ, ಮೈಸೂರು

ಉತ್ತರ: ಅಮ್ಮಾ, ನಮ್ಮ ದೇಶದಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಗಾಡಿಯ ಜೊತೆ ಹೋಗುತ್ತದೆ. 157ನೇ ಕಲಮಿನ ಪ್ರಕಾರ ಗಾಡಿ ಮಾರಿದ ದಿನವೇ ಪಾಲಿಸಿಯೂ ಕೊಂಡವರಿಗೆ ವರ್ಗವಾಯಿತೆಂದು ಭಾವಿಸಬೇಕು. ಹಾಗಾಗಿ ನಿಮ್ಮ ಸ್ಕೂಟರಿನಿಂದ ಬೇರೆಯವರಿಗೆ ಪೆಟ್ಟಾದರೆ ಕಂಪನಿ ‘ಪಾಲಿಸಿ ನಿಮ್ಮ ಹೆಸರಲ್ಲಿಲ್ಲ’ ಎಂದು ಜಾರಿಕೊಳ್ಳುವಂತಿಲ್ಲ.

ಆದರೆ ಇದು ಬೇರೆಯವರ ನಷ್ಟಕ್ಕೆ ಮಾತ್ರ. ಸ್ಕೂಟರೇ ಜಖಂ ಆದರೆ ಅಥವಾ ಕಳುವಾದರೆ ಆ ಹಣ ನಿಮಗೆ ಬರಬೇಕಾದರೆ ಕಂಪನಿಯ ಜೊತೆ ನಿಮ್ಮ ಕರಾರು ಇರಬೇಕು. 1995ರಲ್ಲೇ ಕಂಪ್ಲೀಟ್ ಇನ್ಸುಲೇಷನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿದೆ. ಈಗ ಏನಾದರೂ ಆದರೆ ನಿಮಗೂ ಸಿಗುವುದಿಲ್ಲ, ಮಾರಿದವರಿಗೂ ಸಿಗುವುದು ಕಷ್ಟ. ಇನ್ನೊಂದು ಸಂಗತಿ ಬಹಳ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಪಾಲಿಸಿಯಲ್ಲಿ ಮಾಲೀಕ-ಚಾಲಕರಿಗೆಂದು 15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆ ಇರುತ್ತದೆ. ಅದು ಪಾಲಿಸಿಯಲ್ಲಿ ಹೆಸರಿರುವ, ಲೈಸೆನ್ಸ್ ಇರುವ ನೋಂದಾಯಿತ ಮಾಲೀಕರಿಗೆ ಮಾತ್ರ. ನೀವೇ ಬಿದ್ದು ಏನಾದರೂ ಆದರೆ ನಿಮ್ಮ ಮಕ್ಕಳಿಗೆ ಅದು ಬರುವುದಿಲ್ಲ.

ಕೊಂಡ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಬೇಕು, ನಿಮಗೆ ನಾಲ್ಕು ದಿನ ಉಳಿದಿದೆ. ಹಳೆಯವರು ಪಡೆದ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ) ಅವರದ್ದು, ಗಾಡಿಯದ್ದಲ್ಲ, ಆದ್ದರಿಂದ ಅದರ ವ್ಯತ್ಯಾಸದ ಹಣ ಕಟ್ಟಲು ಹೇಳುತ್ತಾರೆ. ಕಟ್ಟಿಬಿಡಿ. 2018ರ ಸೆಪ್ಟೆಂಬರ್ 1ರ ನಂತರ ಹೊಸದಾಗಿ ಮಾರಾಟವಾದ ದ್ವಿಚಕ್ರ ವಾಹನಗಳಿಗೆ ಒಟ್ಟಿಗೆ 5 ವರ್ಷದ ಥರ್ಡ್ ಪಾರ್ಟಿ ಪಾಲಿಸಿ ಇರುತ್ತದೆ, ಜಖಂ ರಕ್ಷಣೆ ಅಷ್ಟು ವರ್ಷ ಇರಬೇಕೆಂದಿಲ್ಲ. ನಿಮ್ಮ ಏಳು ತಿಂಗಳು ಯಾವುದರದ್ದು ಎಂದು ಪಾಲಿಸಿ ತೆಗೆದು ಓದಿ.

ಪ್ರಶ್ನೆ: ನಮ್ಮ ತಂದೆ ತೀರಿಕೊಂಡು ಎರಡು ತಿಂಗಳಾಯಿತು. ಅವರ ಹೆಸರಿನಲ್ಲಿರುವ ಬೈಕನ್ನು ಕೊಳ್ಳಲು ಒಬ್ಬರು ಬಂದಿದ್ದಾರೆ. ನೇರವಾಗಿ ಮಾರಬಹುದೆ?
– ಕೆ., ಹಾವೇರಿ

ಉತ್ತರ: ಮಾರಬೇಡಿ. ತೀರಿಕೊಂಡವರ ಸಹಿ ಯಾರೂ ಹಾಕಲಾಗದು, ಹಾಕಿದರೆ ಅದು ಫೋರ್ಜರಿ. ಮೊದಲು ವಾರಸುದಾರರಲ್ಲಿ ಒಬ್ಬರ ಹೆಸರಿಗೆ ಮಾಡಿಸಿ. 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕಿತ್ತು, ಅದು ಮೀರಿದೆ. ವಾರಸುದಾರರ ಹೆಸರಿಗೆ ಬದಲಿಸುವ ಅರ್ಜಿಯಾದ ಫಾರಂ 31 ಅನ್ನು ಮೂರು ತಿಂಗಳೊಳಗೆ ಕೊಡಬೇಕು, ಅದಕ್ಕೆ ಇನ್ನೂ ಸಮಯ ಇದೆ. ಮರಣ ಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಹೊಂದಿಸಿಕೊಳ್ಳಿ. ಅಲ್ಲಿಯವರೆಗೆ ಬೈಕಿನ ಪಾಲಿಸಿ ಮುಗಿಯದಂತೆ ನೋಡಿಕೊಳ್ಳಿ. ಕೊಳ್ಳಲು ಬಂದವರಿಗೆ ಒಂದು ತಿಂಗಳು ಕಾಯಲು ಹೇಳಿ. ಕಾಯದಿದ್ದರೆ ಬೇರೆಯವರು ಸಿಗುತ್ತಾರೆ.

ಚನ್ನಗಿರಿಯ ಮೇಷ್ಟ್ರಿಗೆ: ವಕೀಲರಿಗೆ ಕೊಡಲು ಹಣದ ತೊಂದರೆ ಇದ್ದರೆ ತಾಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಹೋಗಿ ವಿಚಾರಿಸಿ. ನೋಟಿಸಿನಲ್ಲಿರುವ ತಾರೀಖಿಗೆ ತಪ್ಪದೆ ಹಾಜರಾಗಿ. ಹೋಗುವಾಗ ಛಾಪಾ ಕಾಗದದ ಮೂಲ ಪ್ರತಿ, ಎರಡು ಜೆರಾಕ್ಸ್, ಪಾಸ್‌ಬುಕ್ ಜೊತೆಗಿರಲಿ. ಪರಿವಾಹನ್‌ನಲ್ಲಿ ಪಾಲಿಸಿ ಹುಡುಕಿಸಿದ ಮೇಲೆ, ಸಿಕ್ಕರೂ ಸಿಗದಿದ್ದರೂ, ನನಗೆ ಒಂದು ಕಾಗದ ಬರೆಯಿರಿ.